ಯಾರು ಕಳಿಸಿದರು? ಟ್ರ್ಯಾಕ್‌ಬ್ಯಾಕ್ ಮತ್ತು ರೆಫರಲ್ ಕೊಂಡಿಗಳು

ಅಂತರಜಾಲದ ಕೊಂಡಿಗೆ ಒಂದೇ ದಿಕ್ಕು. ಒಂದು ಪುಟದಲ್ಲಿ ಅಡಿಗೆರೆ ಎಳೆದ ಎರಡು ಪದಗಳಿರುತ್ತವೆ. ಅವನ್ನು ಒತ್ತಿದರೆ ಬೇರೆಲ್ಲೋ ಇರುವ ಇನ್ನೊಂದು ಪುಟ ತೆರೆದುಕೊಳ್ಳುತ್ತದೆ. ಮೊದಲ ಪುಟಕ್ಕೆ ಎರಡನೆಯದರ ವಿಳಾಸ ಗೊತ್ತಿದೆ. ಎರಡನೆಯದಕ್ಕೆ ಮೊದಲನೆಯದು ಇದೆಯೆಂಬುದೇ ಗೊತ್ತಿಲ್ಲ. ಕೊಂಡಿ ಹಾಕುವವರು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಹಾಕಿದ ಮೇಲೆ ತಿಳಿಸಬೇಕಾಗಿಯೂ ಇಲ್ಲ.

ಕೇಳುಗರೇ, ಇದು ಮರೆತು ಬಿಟ್ಟುಹೋದ ಸಂಗತಿಯಲ್ಲ. ಎರಡೂ ತುದಿಯವರಿಗೆ ತಿಳಿಯುವಂಥ ಕೊಂಡಿಯನ್ನು ಅಮೆರಿಕದ ಟೆಡ್ ನೆಲ್ಸನ್ 1960ರ ದಶಕದಲ್ಲೇ ಯೋಚಿಸಿದ್ದರು. ಅವರ ಯೋಜನೆಯ ಹೆಸರು ಕ್ಸಾನಡು. ಆದರೆ ಅಂಥ ಏರ್ಪಾಡಿಗೆ ಪ್ರತಿಯೊಂದು ಕೊಂಡಿಯ ಲೆಕ್ಕವನ್ನೂ ಎರಡೂ ಕಡೆ ಇಡಬೇಕು. ಒಂದು ಕಡೆ ಪುಟ ಅಳಿಸಿದರೆ ಇನ್ನೊಂದು ಕಡೆಯೂ ತಿದ್ದಬೇಕು. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ 1989ರಲ್ಲಿ ತಮ್ಮ ಪ್ರಸ್ತಾವವನ್ನು ಮುಂದಿಟ್ಟ ಟಿಮ್ ಬರ್ನರ್ಸ್-ಲೀ ಈ ಗೊಡವೆಗೆ ಹೋಗಲಿಲ್ಲ. ಅವರ ಕೊಂಡಿ ಒಂದು ಕಡೆಯಿಂದ ಹೊರಟು ಇನ್ನೊಂದು ಕಡೆ ಮುಟ್ಟಿದರೆ ಸಾಕು. ಜಾಲ ಅಷ್ಟು ಬೇಗ ಹಬ್ಬಿದ್ದರಲ್ಲಿ ಈ ಸರಳತೆಯ ಪಾಲು ದೊಡ್ಡದು. ಆದರೆ ಒಂದು ಕೊರತೆ ಉಳಿಯಿತು. ತಾಣ ನಡೆಸುವವರಿಗೆ, ಓದುಗರು ಎಲ್ಲಿಂದ ಬಂದರು, ಯಾರು ಕಳಿಸಿದರು ಎಂಬುದು ತಾನಾಗಿ ತಿಳಿಯುವುದಿಲ್ಲ.

ಊರಿನ ಬಟ್ಟೆ ಅಂಗಡಿಗೆ ಹೊಸ ಗಿರಾಕಿ ಬರುತ್ತಾರೆ ಎಂದಿಟ್ಟುಕೊಳ್ಳಿ. ಅವರನ್ನು ಕಳಿಸಿದವರು ಪಕ್ಕದ ಬೀದಿಯ ಮೇಷ್ಟ್ರು. ಈ ಸಂಗತಿ ಅಂಗಡಿಯವರಿಗೆ ಮೂರು ಬಗೆಯಲ್ಲಿ ಮುಟ್ಟಬಹುದು. ಮೇಷ್ಟ್ರೇ ಫೋನ್ ಮಾಡಿ ಹೇಳಬಹುದು. ಗಿರಾಕಿಯೇ ಒಳಗೆ ಕಾಲಿಡುತ್ತ, ಮೇಷ್ಟ್ರು ಕಳಿಸಿದರು ಎನ್ನಬಹುದು. ಇಲ್ಲವೇ ಮೇಷ್ಟ್ರು ಬರೆದುಕೊಟ್ಟ ಚೀಟಿ ಗಿರಾಕಿಯ ಕೈಯಲ್ಲಿರಬಹುದು. ಜಾಲದಲ್ಲಿ ಮೊದಲನೆಯದರ ಹೆಸರು ಟ್ರ್ಯಾಕ್‌ಬ್ಯಾಕ್. ಎರಡನೆಯದು ರೆಫರರ್. ಮೂರನೆಯದು ಗುರುತು ಹಚ್ಚಿದ ರೆಫರಲ್ ಕೊಂಡಿ. ಮೂರರಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ಸುದ್ದಿ ತರುವವರು ಯಾರು, ಅವರನ್ನು ಎಷ್ಟು ನಂಬಬಹುದು?

ಮೊದಲು ಟ್ರ್ಯಾಕ್‌ಬ್ಯಾಕ್. ಅದು ಹುಟ್ಟಿದ್ದು 2002ರಲ್ಲಿ. ಅಮೆರಿಕದ ಬೆನ್ ಮತ್ತು ಮೀನಾ ಟ್ರಾಟ್ ದಂಪತಿ ಸಿಕ್ಸ್ ಅಪಾರ್ಟ್ ಎಂಬ ಪುಟ್ಟ ಕಂಪನಿ ನಡೆಸುತ್ತಿದ್ದರು. ಬ್ಲಾಗ್ ಬರೆಯುವವರಿಗಾಗಿ ಅವರು ಮಾಡಿದ ತಂತ್ರಾಂಶ ಮೂವಬಲ್ ಟೈಪ್. ಟ್ರ್ಯಾಕ್‌ಬ್ಯಾಕ್ ಮೊದಲು ಕಾಣಿಸಿಕೊಂಡದ್ದು ಅದರಲ್ಲೇ. ಆಗ ಫೇಸ್‌ಬುಕ್ ಇರಲಿಲ್ಲ, ಟ್ವಿಟರ್ ಇರಲಿಲ್ಲ. ಒಬ್ಬರ ಬರಹಕ್ಕೆ ಇನ್ನೊಬ್ಬರು ತಮ್ಮ ತಾಣದಲ್ಲೇ ಉದ್ದವಾಗಿ ಉತ್ತರ ಬರೆಯುತ್ತಿದ್ದ ಕಾಲ. ಉತ್ತರ ಬಂದಿದೆ ಎಂದು ಮೊದಲು ಬರೆದವರಿಗೆ ತಿಳಿಸುವುದಕ್ಕೇ ಈ ಏರ್ಪಾಡು.

ಅದರ ಕೆಲಸ ತೀರ ಸರಳ. ಪ್ರತಿಯೊಂದು ಬರಹಕ್ಕೂ ಮಾಮೂಲಿ ವಿಳಾಸವಲ್ಲದೆ ಇನ್ನೊಂದು ವಿಳಾಸ ಇರುತ್ತಿತ್ತು. ಅದು ಸುದ್ದಿ ಪಡೆಯುವುದಕ್ಕೆ ಮಾತ್ರ. ಉತ್ತರ ಬರೆದವರ ತಂತ್ರಾಂಶ ಆ ವಿಳಾಸಕ್ಕೆ ನಾಲ್ಕು ಸಂಗತಿ ಕಳಿಸುತ್ತಿತ್ತು: ಉತ್ತರ ಇರುವ ಪುಟದ ವಿಳಾಸ, ಅದರ ತಲೆಬರಹ, ಮೊದಲ ಕೆಲವು ಸಾಲು, ಬ್ಲಾಗಿನ ಹೆಸರು. ಇವುಗಳಲ್ಲಿ ಕಡ್ಡಾಯವಾದದ್ದು ವಿಳಾಸ ಒಂದೇ. ಹೀಗೆ ಸುದ್ದಿ ಮುಟ್ಟಿಸುವುದಕ್ಕೆ ಪಿಂಗ್ ಮಾಡುವುದು ಎನ್ನುತ್ತಿದ್ದರು. ಆ ಕಡೆಯಿಂದ ಒಂದು ಅಂಕಿ ಮರಳಿ ಬರುತ್ತಿತ್ತು. ಸೊನ್ನೆ ಬಂದರೆ ಸುದ್ದಿ ಮುಟ್ಟಿತು, ಒಂದು ಬಂದರೆ ಮುಟ್ಟಲಿಲ್ಲ. ಮುಟ್ಟಿದ ಸುದ್ದಿ ಮೂಲ ಬರಹದ ಕೆಳಗೆ ಸಾಲಾಗಿ ಕಾಣುತ್ತಿತ್ತು. ಓದುಗರು ಅಲ್ಲಿಂದ ಉತ್ತರಕ್ಕೆ ಹೋಗುತ್ತಿದ್ದರು. ನೆಲ್ಸನ್ ಬಯಸಿದ್ದ ಎರಡು ದಿಕ್ಕಿನ ಕೊಂಡಿ, ಅರೆಬರೆಯಾಗಿಯಾದರೂ, ಜಾಲದಲ್ಲಿ ಬಂದಂತಾಯಿತು.

ಕನ್ನಡದವರಿಗೆ ಇದರ ರುಚಿ ಅಷ್ಟಾಗಿ ಸಿಗಲಿಲ್ಲ ಎನ್ನಬೇಕು. ಯೂನಿಕೋಡ್ ಬಳಕೆಗೆ ಬಂದು ಕನ್ನಡದಲ್ಲಿ ಬ್ಲಾಗ್ ಬರೆಯುವ ಹುರುಪು ಹೆಚ್ಚಿದ್ದು 2000ದ ದಶಕದ ನಡುಭಾಗದಲ್ಲಿ. ಹಲವರು ನೆಲೆಸಿದ್ದು ಬ್ಲಾಗ್‌ಸ್ಪಾಟ್‌ನಲ್ಲಿ. ಅಲ್ಲಿ ಟ್ರ್ಯಾಕ್‌ಬ್ಯಾಕ್ ಸೌಲಭ್ಯವೇ ಇರಲಿಲ್ಲ. ವರ್ಡ್‌ಪ್ರೆಸ್ ಎಂಬ ಬ್ಲಾಗ್ ತಂತ್ರಾಂಶ ಹಿಡಿದವರು ಮಾತ್ರ ಅದನ್ನು ಕಂಡರು. ಅಕ್ಷರ ಸಂಕೇತ ಎರಡೂ ಕಡೆ ಹೊಂದದಿದ್ದರೆ ಇಂಗ್ಲಿಷ್ ಅಲ್ಲದ ಭಾಷೆಯ ತಲೆಬರಹ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಬಂದು ಕೂರುತ್ತಿತ್ತು.

ಇಷ್ಟು ಹೇಳಿದ್ದಾಯಿತು: ಟ್ರ್ಯಾಕ್‌ಬ್ಯಾಕ್ ಎಂದರೆ ಕೊಂಡಿ ಹಾಕಿದವರೇ ಸುದ್ದಿ ಕಳಿಸುವುದು. ಇನ್ನು ಅದರ ದೋಷ. ಸುದ್ದಿ ಕಳಿಸಿದವರು ನಿಜವಾಗಿ ಕೊಂಡಿ ಹಾಕಿದ್ದಾರೆಯೇ ಎಂದು ಟ್ರ್ಯಾಕ್‌ಬ್ಯಾಕ್ ನೋಡುತ್ತಲೇ ಇರಲಿಲ್ಲ. ಹೇಳಿದ್ದನ್ನು ನಂಬಿ ಪ್ರಕಟಿಸುತ್ತಿತ್ತು. ಇದು ಗೊತ್ತಾದದ್ದೇ ತಡ, ಜೂಜಿನ ತಾಣದವರು, ನಕಲಿ ಮಾತ್ರೆ ಮಾರುವವರು ಸಾವಿರಗಟ್ಟಲೆ ಸುಳ್ಳು ಪಿಂಗ್ ಕಳಿಸತೊಡಗಿದರು. ಅವರಿಗೆ ಆ ಬ್ಲಾಗಿನ ಓದುಗರು ಬೇಕಿರಲಿಲ್ಲ. ಬೇಕಿದ್ದದ್ದು ಗೂಗಲ್‌ನ ಕಣ್ಣು. 1998ರಲ್ಲಿ ಹುಟ್ಟಿದ ಆ ಕಂಪನಿ, ಒಂದು ಪುಟಕ್ಕೆ ಎಷ್ಟು ಕಡೆಯಿಂದ, ಎಂಥ ಕಡೆಯಿಂದ ಕೊಂಡಿ ಇದೆ ಎಂಬುದನ್ನು ನೋಡಿ ಪುಟದ ಬೆಲೆ ಕಟ್ಟುತ್ತಿತ್ತು. ಒಳ್ಳೆಯ ಬ್ಲಾಗಿನ ಅಡಿಯಲ್ಲಿ ತಮ್ಮ ಕೊಂಡಿ ಸೇರಿಸಿದರೆ ತಮ್ಮ ಬೆಲೆಯೂ ಏರುತ್ತದೆ ಎಂಬ ಲೆಕ್ಕಾಚಾರ ಅವರದು.

ಇದಕ್ಕೆ ಮದ್ದು 2005ರಲ್ಲಿ ಬಂತು. ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂರೂ ಸೇರಿ ನೋ-ಫಾಲೋ ಎಂಬ ಗುರುತನ್ನು ಒಪ್ಪಿಕೊಂಡವು. ಆ ಗುರುತಿರುವ ಕೊಂಡಿಗೆ ಬೆಲೆ ಕೊಡುವುದಿಲ್ಲ ಎಂದು ಸಾರಿದವು. ಅದೇ ವರ್ಷ ವರ್ಡ್‌ಪ್ರೆಸ್‌ನವರ ಬಳಗದಿಂದ ಅಕಿಸ್ಮೆಟ್ ಎಂಬ ಜರಡಿ ಬಂತು. ಕಸ ಕಳಿಸುವವರು ಇವೆರಡಕ್ಕೂ ಬಗ್ಗಲಿಲ್ಲ. ಬೇಸತ್ತ ತಾಣದವರು ಒಬ್ಬೊಬ್ಬರಾಗಿ ಟ್ರ್ಯಾಕ್‌ಬ್ಯಾಕ್ ಬಾಗಿಲು ಹಾಕಿದರು.

ಟ್ರ್ಯಾಕ್‌ಬ್ಯಾಕ್‌ಗೆ ಒಬ್ಬ ತಮ್ಮನೂ ಇದ್ದ. ಹೆಸರು ಪಿಂಗ್‌ಬ್ಯಾಕ್, ಹುಟ್ಟಿದ್ದು ಅದೇ 2002ರಲ್ಲಿ. ಅವನು ಸ್ವಲ್ಪ ಜಾಣ. ಸುದ್ದಿ ಬಂದ ಕೂಡಲೇ ಆ ಪುಟಕ್ಕೆ ಹೋಗಿ, ಕೊಂಡಿ ಇದೆಯೇ ಎಂದು ನೋಡಿಕೊಂಡು ಬರುತ್ತಿದ್ದ. ಸುಳ್ಳು ಹಿಡಿಯುವುದಕ್ಕೆ ಇದು ಸರಿಯಾದ ದಾರಿಯೇ. ಆದರೆ ಗಮನಿಸಿ, ಇದೇ ಜಾಣತನ ಮುಳುವಾಯಿತು. 2014ರ ಮಾರ್ಚ್‌ನಲ್ಲಿ ದಾಳಿಕೋರರು ಬಹಳಷ್ಟು ವರ್ಡ್‌ಪ್ರೆಸ್ ತಾಣಗಳಿಗೆ ಒಂದೇ ಸುಳ್ಳು ಕಳಿಸಿದರು: ಇಂಥ ತಾಣ ನಿಮಗೆ ಕೊಂಡಿ ಹಾಕಿದೆ, ನೋಡಿ. ನೋಡುವುದಕ್ಕೆಂದು 1 ಲಕ್ಷ 60 ಸಾವಿರಕ್ಕೂ ಹೆಚ್ಚು ತಾಣಗಳು ಒಮ್ಮೆಲೇ ಆ ಒಂದು ತಾಣದ ಮೇಲೆ ಬಿದ್ದವು. ಅದು ಗಂಟೆಗಟ್ಟಲೆ ಕೆಲಸ ನಿಲ್ಲಿಸಿತು. ಹಾಗೆ ಮೇಲೆ ಬಿದ್ದ ತಾಣಗಳ ಮಾಲೀಕರಿಗೆ ತಮ್ಮ ಸರ್ವರ್ ಯಾರ ಮೇಲೋ ಎರಗಿದೆ ಎಂಬ ಅರಿವೂ ಇರಲಿಲ್ಲ.

2017ರಲ್ಲಿ ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ವೆಬ್‌ಮೆನ್ಷನ್ ಎಂಬ ಹೊಸ ರೂಪಕ್ಕೆ ಮನ್ನಣೆ ಕೊಟ್ಟಿತು. ಸ್ವಂತ ತಾಣ ಕಟ್ಟಿಕೊಂಡ ಸಣ್ಣ ಬಳಗ ಅದನ್ನು ಬಳಸುತ್ತಿದೆ. ಮಿಕ್ಕವರ ಕಿವಿಗೆ ಆ ಹೆಸರೂ ಬಿದ್ದಿಲ್ಲ.

ಕೇಳುಗರೇ, ಕೊಂಡಿ ಹಾಕಿದವರು ತಾವಾಗಿ ಹೇಳುವ ದಾರಿ ಹೀಗೆ ಮಸುಕಾಯಿತು. ಎರಡನೆಯ ದಾರಿ ಇದಕ್ಕಿಂತ ಹಳೆಯದು. ಬಂದ ಗಿರಾಕಿಯೇ ಹೇಳುವುದು. ಓದುಗರು ಕೊಂಡಿ ಒತ್ತಿದಾಗ ಅವರ ಬ್ರೌಸರ್ ಹೊಸ ಪುಟವನ್ನು ಕೇಳುತ್ತದೆ. ಕೇಳುವಾಗಲೇ, ತಾನು ಇಂಥ ಪುಟದಿಂದ ಬರುತ್ತಿದ್ದೇನೆ ಎಂದು ಒಂದು ಸಾಲು ಸೇರಿಸುತ್ತದೆ. ಇದೇ ರೆಫರರ್. ಬ್ರೌಸರ್ ಪುಟ ಕೇಳುವ ಬಗೆಯನ್ನು ಗೊತ್ತುಮಾಡುವ, 1996ರಲ್ಲಿ ಅಚ್ಚಾದ ಎಚ್‌ಟಿಟಿಪಿ ನಿಯಮಾವಳಿಯಲ್ಲೇ ಇದು ಇದೆ. ಓದುಗರು ಏನೂ ಮಾಡಬೇಕಾಗಿಲ್ಲ. ಹಲವರಿಗೆ ತಮ್ಮ ಬ್ರೌಸರ್ ಹೀಗೆ ಹೇಳುತ್ತಿದೆ ಎಂಬುದೂ ಗೊತ್ತಿಲ್ಲ.

ಈ ಸಾಲು ಹೋಗಿ ಕೂರುವುದು ಸರ್ವರ್‌ನ ದಿನಚರಿಯಲ್ಲಿ. ಅದಕ್ಕೆ ಲಾಗ್ ಎನ್ನುತ್ತಾರೆ. ಅದರ ಒಂದು ಸಾಲನ್ನು ಓದಿ ನೋಡೋಣ. ಮೊದಲು ಬಂದವರ ಐಪಿ ವಿಳಾಸ. ಆಮೇಲೆ ಚೌಕ ಆವರಣದೊಳಗೆ ದಿನಾಂಕ, ಗಂಟೆ, ನಿಮಿಷ, ಸೆಕೆಂಡು. ಆಮೇಲೆ ಅವರು ಕೇಳಿದ ಪುಟ. ಆಮೇಲೆ 200 ಎಂಬ ಅಂಕಿ, ಪುಟ ಸಿಕ್ಕಿತು ಎಂದರ್ಥ. ಸಿಗದಿದ್ದರೆ ಅಲ್ಲಿ 404 ಇರುತ್ತದೆ. ಆಮೇಲೆ ಎಷ್ಟು ಬೈಟ್ ಕಳಿಸಲಾಯಿತು ಎಂಬ ಲೆಕ್ಕ. ಅದಾದ ಮೇಲೆ ಉದ್ಧರಣ ಚಿಹ್ನೆಗಳ ನಡುವೆ ಇನ್ನೊಂದು ತಾಣದ ವಿಳಾಸ. ಯಾರು ಕಳಿಸಿದರು ಎಂಬ ಪ್ರಶ್ನೆಗೆ ಉತ್ತರ ಅದೇ. ಉತ್ತರ ಇಲ್ಲದಿದ್ದರೆ ಅಲ್ಲಿ ಬರೀ ಒಂದು ಅಡ್ಡಗೀಟು.

ಇಂಥ ಅಡ್ಡಗೀಟುಗಳು ಕಡಿಮೆಯೇನಲ್ಲ. ಕಾರಣ ಹಲವು. ವಿಳಾಸವನ್ನು ಕೈಯಾರೆ ಟೈಪ್ ಮಾಡಿ ಬಂದವರಿಗೆ ರೆಫರರ್ ಇರುವುದಿಲ್ಲ. ಪಿಡಿಎಫ್ ಕಡತದೊಳಗಿನ ಕೊಂಡಿ ಒತ್ತಿದವರಿಗೂ ಇರುವುದಿಲ್ಲ. ಭದ್ರತೆಯ ಎಚ್‌ಟಿಟಿಪಿಎಸ್ ಪುಟದಿಂದ ಭದ್ರತೆ ಇಲ್ಲದ ಪುಟಕ್ಕೆ ಬಂದರೆ ಬ್ರೌಸರ್ ಬಾಯಿ ಬಿಡುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ವಾಟ್ಸ್ಆ್ಯಪ್‌ನಂಥ ಸಂದೇಶದ ಆ್ಯಪ್‌ಗಳಿಂದ ಬಂದವರು ಸಾಮಾನ್ಯವಾಗಿ ಹೆಸರಿಲ್ಲದೆ ಬರುತ್ತಾರೆ. ಕನ್ನಡದ ಪತ್ರಿಕೆಯೊಂದರ ಲೇಖನ ಮನೆಮಂದಿಯ ಗುಂಪಿನಿಂದ ಗೆಳೆಯರ ಗುಂಪಿಗೆ, ಅಲ್ಲಿಂದ ಊರಿನವರ ಗುಂಪಿಗೆ ಸುತ್ತಿ ನೂರಾರು ಮಂದಿಯನ್ನು ತರಬಹುದು. ಲೆಕ್ಕದ ಪಟ್ಟಿಯಲ್ಲಿ ಅವರೆಲ್ಲ ಡೈರೆಕ್ಟ್ ಎಂಬ ಒಂದೇ ಖಾನೆಗೆ ಬೀಳುತ್ತಾರೆ. ಅವರು ನೇರವಾಗಿ ಬಂದವರು ಎಂಬುದು ಆ ಖಾನೆಯ ಅರ್ಥವಲ್ಲ. ಎಲ್ಲಿಂದ ಬಂದರೋ ತಿಳಿಯದು ಎಂದಷ್ಟೇ ಅರ್ಥ.

ರೆಫರರ್ ಮುಚ್ಚಿಕೊಳ್ಳುತ್ತಿರುವುದರಲ್ಲಿ ನ್ಯಾಯವೂ ಇದೆ. ಪುಟದ ವಿಳಾಸದಲ್ಲೇ ಖಾಸಗಿ ಸಂಗತಿ ಇರಬಹುದಲ್ಲವೇ? ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ತಾಣದಲ್ಲಿ 2015ರ ಜನವರಿಯಲ್ಲಿ ಇದೇ ಬಯಲಾಯಿತು. ವಿಮೆಗೆ ಅರ್ಜಿ ಹಾಕುವವರ ವಯಸ್ಸು, ಬೀಡಿ ಸಿಗರೇಟಿನ ಅಭ್ಯಾಸ, ಗರ್ಭಿಣಿಯೇ ಎಂಬ ವಿವರಗಳು ಪುಟದ ವಿಳಾಸದೊಳಗೇ ಸೇರಿದ್ದವು. ಅವು ರೆಫರರ್ ಮೂಲಕ ಜಾಹೀರಾತು ಕಂಪನಿಗಳಿಗೆ ಹೋಗುತ್ತಿದ್ದವು. ರೆಫರರ್ ಕಳಿಸಬೇಕೇ ಬೇಡವೇ ಎಂಬುದನ್ನು ಬಳಕೆದಾರರ ಇಷ್ಟಕ್ಕೆ ಬಿಡಬೇಕು ಎಂದು 1996ರ ನಿಯಮಾವಳಿಯೇ ಸಲಹೆ ಮಾಡಿತ್ತು. ಅದು ಬರಹದಲ್ಲೇ ಉಳಿದಿತ್ತು. ಕೊನೆಗೆ 2020ರಲ್ಲಿ ಕ್ರೋಮ್, ಮರುವರ್ಷ ಫೈರ್‌ಫಾಕ್ಸ್ ತಮ್ಮ ಪದ್ಧತಿ ಬದಲಿಸಿದವು. ಈಗ ಬೇರೆ ತಾಣಕ್ಕೆ ಹೋಗುವಾಗ ಪುಟದ ಪೂರ್ತಿ ವಿಳಾಸ ಹೋಗುವುದಿಲ್ಲ. ತಾಣದ ಹೆಸರು ಮಾತ್ರ ಹೋಗುತ್ತದೆ.

ಹುಡುಕುವ ಪದಗಳಿಗೂ ಇದೇ ಗತಿ. ಹಿಂದೆ ಗೂಗಲ್‌ನಿಂದ ಬಂದವರು ಏನೆಂದು ಹುಡುಕಿ ಬಂದರು ಎಂಬುದು ರೆಫರರ್‌ನಲ್ಲೇ ಕಾಣುತ್ತಿತ್ತು. 2011ರಿಂದ 2013ರೊಳಗೆ ಗೂಗಲ್ ಅದನ್ನು ಹಂತಹಂತವಾಗಿ ಮುಚ್ಚಿತು. ಈಗ ಅದಕ್ಕೆ ಗೂಗಲ್‌ನದೇ ಸರ್ಚ್ ಕನ್ಸೋಲ್ ನೋಡಬೇಕು.

ರೆಫರರ್‌ನಲ್ಲೂ ಸುಳ್ಳಿಗೆ ಜಾಗವಿದೆ. ಯಾವ ವಿಳಾಸ ಬೇಕಾದರೂ ತುಂಬಿ ಕಳಿಸುವ ಪ್ರೋಗ್ರಾಂ ಬರೆಯುವುದು ಕಷ್ಟವಲ್ಲ. ಯಾರಪ್ಪಾ ಇವರು ಎಂಬ ಕುತೂಹಲದಿಂದ ತಾಣದ ಮಾಲೀಕರು ಆ ವಿಳಾಸ ಒತ್ತಲಿ ಎಂಬುದೇ ಕಳಿಸಿದವರ ಆಸೆ. ಕೆಲವರು ತಾಣಕ್ಕೆ ಬರುತ್ತಲೂ ಇರಲಿಲ್ಲ. ಖಾತೆಯ ಸಂಖ್ಯೆ ಊಹಿಸಿ, ತಾಣಕ್ಕೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್‌ಗೆ ನೇರವಾಗಿ ಸುಳ್ಳು ಲೆಕ್ಕ ಕಳಿಸುತ್ತಿದ್ದರು. ಬಾರದ ಗಿರಾಕಿಗಳಿಂದ ಪಟ್ಟಿ ತುಂಬುತ್ತಿತ್ತು. ಪಟ್ಟಿಯಲ್ಲಿ ಹೊಸ ಹೆಸರು ಕಂಡರೆ ಅದನ್ನು ಒತ್ತದೆ, ಬೇರೆಡೆ ಹುಡುಕಿ ನೋಡುವುದು ಕ್ಷೇಮ.

ಇಲ್ಲಿಯವರೆಗೆ ಇಬ್ಬರನ್ನು ನೋಡಿದಂತಾಯಿತು. ಕೊಂಡಿ ಹಾಕಿದವರು ಕಳಿಸುವ ಸುದ್ದಿ ಒಂದು. ಓದುಗರ ಬ್ರೌಸರ್ ತರುವ ಸುದ್ದಿ ಇನ್ನೊಂದು. ಮೊದಲನೆಯದು ಕಸವಾಯಿತು, ಎರಡನೆಯದು ಮೊಟಕಾಯಿತು. ಉಳಿದದ್ದು ಚೀಟಿ.

ಚೀಟಿ ಇರುವುದು ಕೊಂಡಿಯ ವಿಳಾಸದಲ್ಲೇ. ಪುಟದ ವಿಳಾಸ ಮುಗಿದ ಮೇಲೆ ಒಂದು ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಅದರ ಮುಂದೆ ಇರುವುದೆಲ್ಲ ಗುರುತು. ಎಲ್ಲಿಂದ ಬಂದದ್ದು, ಯಾವ ಮಾಧ್ಯಮ, ಯಾವ ಪ್ರಚಾರ ಎಂಬ ಮೂರು ಸಂಗತಿ ಅಲ್ಲಿರುತ್ತವೆ. ಈ ಗುರುತುಗಳೆಲ್ಲ ಯುಟಿಎಂ ಎಂಬ ಮೂರಕ್ಷರದಿಂದ ಶುರುವಾಗುತ್ತವೆ. ಅದರಲ್ಲಿನ ಯು ಎಂದರೆ ಅರ್ಚಿನ್. ಆ ಕಂಪನಿಯನ್ನು ಗೂಗಲ್ 2005ರಲ್ಲಿ ಕೊಂಡು, ಅದೇ ವರ್ಷ ಅನಲಿಟಿಕ್ಸ್ ಎಂದು ಹೊಸ ಹೆಸರಿನಲ್ಲಿ ಜನರಿಗೆ ಕೊಟ್ಟಿತು. ರೆಫರರ್ ಬಾರದಿದ್ದರೂ ಚೀಟಿ ಬರುತ್ತದೆ. ವಾಟ್ಸ್ಆ್ಯಪ್‌ಗೆ ಹಾಕುವ ಕೊಂಡಿಗೆ ವಾಟ್ಸ್ಆ್ಯಪ್ ಎಂಬ ಗುರುತು ಹಚ್ಚಿಟ್ಟರೆ ಡೈರೆಕ್ಟ್ ಖಾನೆಯ ಕತ್ತಲು ಸ್ವಲ್ಪ ಕರಗುತ್ತದೆ.

ಚೀಟಿ ಬರೆಯುವುದರಲ್ಲಿ ಎಚ್ಚರ ಬೇಕು. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳನ್ನು ಅನಲಿಟಿಕ್ಸ್ ಬೇರೆ ಬೇರೆ ಎಂದೇ ಎಣಿಸುತ್ತದೆ. ಒಮ್ಮೆ ಹಾಗೆ, ಒಮ್ಮೆ ಹೀಗೆ ಬರೆದರೆ ಒಂದೇ ಫೇಸ್‌ಬುಕ್ ಎರಡು ಸಾಲಿನಲ್ಲಿ ಕಾಣುತ್ತದೆ. ತಮ್ಮದೇ ತಾಣದ ಒಳಗಿನ ಕೊಂಡಿಗಳಿಗೆ ಈ ಗುರುತು ಹಚ್ಚಲೇಬಾರದು. ಹಚ್ಚಿದರೆ ಹೊರಗಿನಿಂದ ಕಳಿಸಿದವರ ಹೆಸರು ಅಳಿಸಿಹೋಗುತ್ತದೆ. ಕನ್ನಡದವರಿಗೆ ಇನ್ನೊಂದು ತೊಡಕು. ವಿಳಾಸದೊಳಗೆ ಕನ್ನಡ ಅಕ್ಷರ ಹೋದರೆ ಅದರ ಒಂದೊಂದು ಸಂಕೇತವೂ ಮೂರು ಬೈಟ್ ಆಗುತ್ತದೆ. ಒಂದೊಂದು ಬೈಟೂ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರವಾಗಿ ಹಿಗ್ಗುತ್ತದೆ. ಪ್ರಚಾರಕ್ಕೆ ಯುಗಾದಿ ಎಂದು ಹೆಸರಿಟ್ಟರೆ, ಅದು ಕನ್ನಡದಲ್ಲಿ ಆರು ಸಂಕೇತ, ಕೊಂಡಿಯಲ್ಲಿ 54 ಅಕ್ಷರ. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಆರಕ್ಕೆ ಮುಗಿಯುತ್ತದೆ. ಕನ್ನಡ ವಿಕಿಪೀಡಿಯದ ಕೊಂಡಿಯನ್ನು ಯಾರಿಗಾದರೂ ಕಳಿಸಿದಾಗ ಮೈಲುದ್ದದ ಗೋಜಲು ಕಾಣುವುದಕ್ಕೂ ಇದೇ ಕಾರಣ.

ಚೀಟಿಯೂ ಪೂರ್ತಿ ನಂಬಿಗಸ್ತನಲ್ಲ. ಇಮೇಲ್‌ನಲ್ಲಿ ಬಂದ ಕೊಂಡಿಯನ್ನು ಒಬ್ಬರು ಹಾಗೇ ನಕಲು ಮಾಡಿ ಫೇಸ್‌ಬುಕ್‌ಗೆ ಹಾಕಬಹುದು. ಅಲ್ಲಿಂದ ಬಂದವರೆಲ್ಲ ಇಮೇಲ್ ಲೆಕ್ಕಕ್ಕೇ ಸೇರುತ್ತಾರೆ. ಚೀಟಿ ಹೇಳುವುದು ಅದನ್ನು ಮೊದಲು ಯಾರಿಗಾಗಿ ಬರೆದರು ಎಂಬುದನ್ನು. ಈಗ ಅದು ಯಾರ ಕೈಯಲ್ಲಿದೆ ಎಂಬುದನ್ನಲ್ಲ.

ಚೀಟಿಗೆ ದುಡ್ಡು ಸೇರಿದಾಗ ಅದು ಕಮಿಷನ್ ಕೊಂಡಿಯಾಗುತ್ತದೆ. ಅಮೆಜಾನ್ ಇನ್ನೂ ಬರೀ ಪುಸ್ತಕದಂಗಡಿಯಾಗಿದ್ದ 1996ರಲ್ಲೇ ಇದನ್ನು ಶುರು ಮಾಡಿತು. ಪುಸ್ತಕದ ಬಗ್ಗೆ ಬರೆದವರು ತಮ್ಮ ಗುರುತಿನ ಕೊಂಡಿ ಹಾಕುತ್ತಾರೆ. ಓದುಗರು ಅದರ ಮೂಲಕ ಹೋಗಿ ಕೊಂಡರೆ ಬರೆದವರಿಗೆ ಒಂದು ಪಾಲು. ಕೊಂಡಿ ಒತ್ತಿದ ಕೂಡಲೇ ಬ್ರೌಸರ್‌ನಲ್ಲಿ ಕುಕಿ ಎಂಬ ಸಣ್ಣ ಟಿಪ್ಪಣಿ ಉಳಿಯುತ್ತದೆ. ಅಮೆಜಾನ್‌ನಲ್ಲಿ ಅದರ ಆಯುಸ್ಸು ಸುಮಾರು ಒಂದು ದಿನ. ಇಲ್ಲಿ ಬಹುಪಾಲು ಕಡೆ ನಡೆಯುವುದು ಕೊನೆಯ ಕ್ಲಿಕ್‌ನ ನ್ಯಾಯ. ವಾರಗಟ್ಟಲೆ ಬಳಸಿ ನೋಡಿ ಮಿಕ್ಸಿಯ ಗುಣದೋಷ ಬರೆದವರ ತಾಣದಲ್ಲಿ ಓದಿ, ಕೊನೆಗೆ ಕೂಪನ್ ತಾಣದ ಕೊಂಡಿ ಒತ್ತಿ ಕೊಂಡರೆ ದುಡ್ಡೆಲ್ಲ ಕೂಪನ್ ತಾಣಕ್ಕೆ. ದುಡಿದವರಿಗೆ ಸೊನ್ನೆ. ಇದು ಲೆಕ್ಕಕ್ಕೆ ಸುಲಭ, ಅಷ್ಟೇ. ನ್ಯಾಯ ಎನ್ನಲಾಗದು.

ಇಂಥ ಕೊಂಡಿ ಹಾಕುವವರು ಓದುಗರಿಗೆ ಅದನ್ನು ಬಾಯಿಬಿಟ್ಟು ಹೇಳಬೇಕು. ಭಾರತದಲ್ಲಿ ಜಾಹೀರಾತು ಮಾನಕ ಮಂಡಳಿ 2021ರಲ್ಲಿ ಸಾಮಾಜಿಕ ಮಾಧ್ಯಮದ ಪ್ರಭಾವಿಗಳಿಗೆ ಈ ಬಗ್ಗೆ ನಿಯಮ ಮಾಡಿತು. ದಾರಿ ತಪ್ಪಿಸುವ ಜಾಹೀರಾತುಗಳನ್ನು ತಡೆಯುವ ಕೇಂದ್ರದ 2022ರ ಮಾರ್ಗಸೂಚಿಯೂ, ಶಿಫಾರಸು ಮಾಡುವವರಿಗೂ ಕಂಪನಿಗೂ ಹಣದ ನಂಟಿದ್ದರೆ ಅದನ್ನು ತಿಳಿಸಬೇಕು ಎನ್ನುತ್ತದೆ. ಇಂಥ ಕೊಂಡಿಗೆ ಹಚ್ಚಲು ಗೂಗಲ್ 2019ರಲ್ಲಿ ಸ್ಪಾನ್ಸರ್ಡ್ ಎಂಬ ಬೇರೆ ಗುರುತನ್ನೇ ತಂದಿದೆ.

ಸುದ್ದಿಯ ಮೂರು ದಾರಿಗಳನ್ನೂ, ಅವುಗಳಲ್ಲಿ ಒಂದಕ್ಕೆ ಹಣ ಸೇರಿದ ಬಗೆಯನ್ನೂ ಹೇಳಿದ್ದಾಯಿತು. ಇನ್ನು ಉಳಿದದ್ದು ಲೆಕ್ಕದ ಪಟ್ಟಿ ಓದುವ ಕ್ರಮ. ರೆಫರಲ್ ಎಂಬ ಖಾನೆಯಲ್ಲಿ ಮೊದಲು ನೋಡಬೇಕಾದದ್ದು ಸಂಖ್ಯೆಯನ್ನಲ್ಲ, ಹೆಸರುಗಳನ್ನು. ಸೀರೆ ಮಾರುವ ತಾಣವೊಂದರ ಪಟ್ಟಿಯಲ್ಲಿ ಹಣ ಪಾವತಿಯ ಗೇಟ್‌ವೇ ಮೊದಲ ಸ್ಥಾನದಲ್ಲಿರಬಹುದು. ಅದು ಯಾರನ್ನೂ ಕಳಿಸಿದ್ದಲ್ಲ. ಹಣ ಕಟ್ಟಲು ಅಲ್ಲಿಗೆ ಹೋದ ಗಿರಾಕಿ ಮರಳಿ ಬಂದಾಗ ಹೊಸಬರಂತೆ ಎಣಿಕೆಯಾಗಿರುತ್ತಾರೆ. ಅಂಥ ಹೆಸರನ್ನು ಹೊರಗಿಡಲು ಅನಲಿಟಿಕ್ಸ್‌ನಲ್ಲೇ ಒಂದು ಪಟ್ಟಿ ಇದೆ. ಅದಾದ ಮೇಲೆ ಬಂದವರು ಎಷ್ಟು ಹೊತ್ತು ಇದ್ದರು, ಏನು ಮಾಡಿದರು ಎಂಬುದನ್ನು ನೋಡಬೇಕು. ದೊಡ್ಡ ತಾಣದಿಂದ ಸಾವಿರ ಮಂದಿ ಬಂದು ಹಾಗೇ ಹೋಗುವುದುಂಟು. ಸಣ್ಣ ತಾಣದಿಂದ ಬಂದ ಹತ್ತು ಮಂದಿಯಲ್ಲಿ ನಾಲ್ವರು ಪೂರ್ತಿ ಓದುವುದೂ ಉಂಟು.

ಸ್ವಂತ ವರ್ಡ್‌ಪ್ರೆಸ್ ತಾಣ ಇರುವವರು ಇವತ್ತೇ ಒಂದು ಕೆಲಸ ಮಾಡಬಹುದು. ಸೆಟ್ಟಿಂಗ್ಸ್‌ನಲ್ಲಿ ಡಿಸ್ಕಷನ್ ಎಂಬ ಪುಟ ತೆರೆಯಿರಿ. ಬೇರೆ ಬ್ಲಾಗುಗಳಿಂದ ಪಿಂಗ್‌ಬ್ಯಾಕ್, ಟ್ರ್ಯಾಕ್‌ಬ್ಯಾಕ್ ಬರಲಿ ಎಂಬ ಸಾಲಿನ ಮುಂದೆ, ಯಾರೂ ಕೇಳದಿದ್ದರೂ, ಈಗಲೂ ಟಿಕ್ ಹಾಕಿರುತ್ತದೆ. ಆ ಟಿಕ್ ತೆಗೆದು, ಸೇವ್ ಮಾಡಿ. ಅದು ಹೊಸ ಬರಹಗಳಿಗೆ ಮಾತ್ರ ಅನ್ವಯ. ಹಳೆಯ ಬರಹಗಳಲ್ಲಿ ಬೇರೆಯಾಗಿ ತೆಗೆಯಬೇಕು.